ಡ್ರೈ ಐಸ್ ಪ್ರಯೋಗದ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಸೋಮವಾರ ಎಂಟನೇ ತರಗತಿಯಲ್ಲಿ ನೀರಿನ ಬಾಟಲಿಯ ಮುಚ್ಚಳ ಹಾರಿದ ಸುದ್ದಿ ನಿಮಗೆಲ್ಲ ತಲುಪಿದೆ. ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಅದು ‘ಲ್ಯಾಬಿನಲ್ಲಿ ಬಾಂಬ್’ ಆಗಿದೆ ಅಂತಲೂ ಕೇಳಿದೆ. ಅದು ಲ್ಯಾಬಿನಲ್ಲಿ ಆದದ್ದಲ್ಲ, ಬಾಂಬೂ ಅಲ್ಲ. ಯಾರಿಗೂ ಪೆಟ್ಟಾಗಿಲ್ಲ. ಒಬ್ಬ ಹುಡುಗಿ ಸದ್ದಿಗೆ ಹೆದರಿ ಅತ್ತಳು, ಮಧ್ಯಾಹ್ನದ ಹೊತ್ತಿಗೆ ಸರಿಹೋದಳು.

ನಡೆದದ್ದು ಇಷ್ಟು. ಸೋಮವಾರಕ್ಕೂ ಮೊದಲು ಒಂದು ದಿನ ನಮ್ಮ ಲ್ಯಾಬಿನಲ್ಲಿ ಮಕ್ಕಳಿಗೆ ಡ್ರೈ ಐಸ್ ಪ್ರಯೋಗ ತೋರಿಸಿದ್ದೆವು. ಡ್ರೈ ಐಸ್ ಅಂದರೆ ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್ ಗ್ಯಾಸ್. ಭಾನುವಾರ ರಾತ್ರಿ ಒಂದು ಮನೆಗೆ ಫ್ರೋಜನ್ ಪಾರ್ಸೆಲ್ ಬಂದಿದೆ. ಅದರ ಥರ್ಮೋಕೋಲ್ ಡಬ್ಬಿಯಲ್ಲಿ ಉಳಿದಿದ್ದ ಡ್ರೈ ಐಸ್ ತುಂಡನ್ನು ಮಗ ಪೇಪರಿನಲ್ಲಿ ಸುತ್ತಿ ಬಟ್ಟೆ ಚೀಲದಲ್ಲಿ ತಂದಿದ್ದಾನೆ. ಮನೆ ಬಿಡುವಾಗ ಸೋಪಿನಷ್ಟಿತ್ತಂತೆ, ವಿರಾಮದ ಹೊತ್ತಿಗೆ ಅಳಿಸುವ ರಬ್ಬರಿನಷ್ಟಾಗಿತ್ತು. ಅದನ್ನು ಅರ್ಧ ನೀರಿದ್ದ ಸ್ಟೀಲ್ ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದ. ಬಾಟಲಿ ಕೈಯಲ್ಲಿ ಗುಂಯ್ ಅನ್ನತೊಡಗಿದಾಗ ಮೇಡಂ ನೋಡಿ, ಅದನ್ನು ಮೂಲೆಯಲ್ಲಿ ಇಡಿಸಿ ಮಕ್ಕಳನ್ನು ಹೊರಗೆ ಕಳಿಸಿದರು. ಆಮೇಲೆ ಮುಚ್ಚಳ ಹಾರಿ ಛಾವಣಿಗೆ ಬಡಿಯಿತು. ಆ ರಬ್ಬರಿನಷ್ಟು ತುಂಡು ಸುಮಾರು 12 ಗ್ರಾಂ ಇದ್ದೀತು. ಗ್ಯಾಸ್ ಆದರೆ 6 ಲೀಟರಿಗೂ ಜಾಸ್ತಿ. ಬಾಟಲಿಯಲ್ಲಿ ಇದ್ದ ಜಾಗ ಅರ್ಧ ಲೀಟರ್.

ತಪ್ಪು ಯಾರದು ಅಂತ ಹುಡುಕಲು ಈ ಪತ್ರ ಬರೆಯುತ್ತಿಲ್ಲ. ಆದರೂ ಒಂದು ಮಾತು ಹೇಳಲೇಬೇಕು: ಆ ತುಂಡು ಶಾಲೆಯಿಂದ ಹೋದದ್ದಲ್ಲ. ಪ್ರಯೋಗದ ದಿನ ನಮ್ಮ ಲ್ಯಾಬಿನಲ್ಲಿ ಉಳಿದದ್ದನ್ನು ಅವತ್ತೇ ಹಿತ್ತಲಿನ ಬಯಲಿನಲ್ಲಿ ಇಟ್ಟು, ಪೂರ್ತಿ ಆರಿಹೋಗುವ ತನಕ ಅಟೆಂಡರ್ ಕಾದು ಕೂತಿದ್ದರು.

‘ನೀವು ಅದನ್ನೆಲ್ಲ ತೋರಿಸಿದ್ದಕ್ಕೇ ಅಲ್ವಾ ಹುಡುಗ ಹೀಗೆ ಮಾಡಿದ್ದು?’ ಅಂತ ಮೂವರು ಪೋಷಕರು ಬರೆದಿದ್ದಾರೆ. ಹೌದು, ತೋರಿಸಿದ್ದಕ್ಕೇ. ಪ್ರಯೋಗದ ದಿನ ಚಮಚವನ್ನು ಡ್ರೈ ಐಸಿಗೆ ಒತ್ತಿದಾಗ ಅದು ಕಿರ್ರೋ ಅಂತ ಕೂಗಿತು. ಲೋಹದ ಬಿಸಿಗೆ ಗ್ಯಾಸ್ ಚಿಮ್ಮಿ ಚಮಚವನ್ನು ನಡುಗಿಸುವುದರಿಂದ ಆ ಸದ್ದು. ಲೋಟದೊಳಗಿನ ಬರಿಗಣ್ಣಿಗೆ ಕಾಣದ ಗ್ಯಾಸನ್ನು ಮೋಂಬತ್ತಿಯ ಮೇಲೆ ಸುರಿದರೆ ದೀಪ ಆರಿತು. ಗಾಳಿಗಿಂತ ಒಂದೂವರೆ ಪಟ್ಟು ಭಾರ ಅದು, ನೀರಿನ ಹಾಗೆ ಕೆಳಗೆ ಇಳಿಯುತ್ತದೆ. ಕೊನೆಯ ಬೆಂಚಿನವರೂ ಎದ್ದು ನಿಂತಿದ್ದರು. ಮಕ್ಕಳಿಗೆ ಮನೆಯಲ್ಲಿ ಮಾಡಿ ನೋಡಬೇಕು ಅನ್ನಿಸದಿದ್ದರೇ ನನಗೆ ಬೇಜಾರಾಗುತ್ತಿತ್ತು.

ನಮ್ಮ ಕಡೆಯ ಲೋಪವನ್ನೂ ಒಪ್ಪುತ್ತೇನೆ. ‘ಮುಚ್ಚಳ ಹಾಕಬಾರದು’ ಎಂದು ಅವತ್ತು ಹೇಳಿದ್ದೆವು, ಆದರೆ ಒಂದೇ ಸಲ. ಕೈಗವಸಿನ ಬಗ್ಗೆ ನಾಲ್ಕು ಸಲ ಹೇಳಿದ್ದೆವು. ಮೈನಸ್ 78.5 ಡಿಗ್ರಿಯ ವಸ್ತು ಚರ್ಮಕ್ಕೆ ತಾಗಿದರೆ ಸುಟ್ಟ ಗಾಯದಂತೆ ಬೊಬ್ಬೆ ಏಳುತ್ತದೆ, ಆ ಭಯವೇ ನಮ್ಮ ತಲೆಯಲ್ಲಿತ್ತು. ಮುಚ್ಚಳದ ಮಾತನ್ನು ಇನ್ನು ಮೇಲೆ ಮೊದಲು ಹೇಳುತ್ತೇವೆ.

ಮಕ್ಕಳು ‘ವಿಷದ ಹೊಗೆ’ ಕುಡಿದರು ಎಂಬ ದೂರೂ ಇದೆ. ಬೆಳ್ಳಗೆ ಕಂಡದ್ದು ಹೊಗೆ ಅಲ್ಲ, ಮಂಜು. ತಣ್ಣಗಾದ ನೀರಿನ ಆವಿ ಸಣ್ಣ ಹನಿಗಳಾದದ್ದು. ಅದರ ಜೊತೆ ಇದ್ದ ಗ್ಯಾಸ್ ನಾವೆಲ್ಲ ಉಸಿರಿನಲ್ಲಿ ಬಿಡುವ ಕಾರ್ಬನ್ ಡೈಆಕ್ಸೈಡೇ. ನಾವು ತಂದದ್ದು ಅರ್ಧ ಕೆಜಿ, ಅಂದರೆ ಸುಮಾರು 270 ಲೀಟರ್ ಗ್ಯಾಸ್. ಲ್ಯಾಬಿನ ಗಾಳಿ ಒಂದು ಲಕ್ಷ ಲೀಟರಿಗಿಂತ ಜಾಸ್ತಿ, ಕಿಟಕಿಗಳೂ ತೆರೆದಿದ್ದವು. ಹಾಗಂತ ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಮುಚ್ಚಿದ ಕೋಣೆ, ಗಾಜು ಏರಿಸಿದ ಕಾರು ಆದರೆ ಮಾತೇ ಬೇರೆ, ಅಲ್ಲಿ ಗ್ಯಾಸ್ ತುಂಬಿ ಉಸಿರು ಕಟ್ಟಬಹುದು. 2020ರಲ್ಲಿ ಮಾಸ್ಕೋದ ಒಂದು ಒಳಾಂಗಣ ಈಜುಕೊಳಕ್ಕೆ ಪಾರ್ಟಿಯಲ್ಲಿ ಡ್ರೈ ಐಸ್ ಸುರಿದು ಮೂವರು ಸತ್ತರು.

ಇಷ್ಟೆಲ್ಲ ಇದ್ದ ಮೇಲೂ ಪ್ರಯೋಗ ನಿಲ್ಲಿಸುವುದಿಲ್ಲ. ಇದು ಕೆಲವರಿಗೆ ಹಿಡಿಸುವುದಿಲ್ಲ ಅಂತ ಗೊತ್ತು. ನಿಮ್ಮ ಜಾಗದಲ್ಲಿದ್ದರೆ ನಾನೂ ‘ಪುಸ್ತಕದಲ್ಲೇ ಓದಲಿ ಬಿಡಿ’ ಅನ್ನುತ್ತಿದ್ದೆನೋ ಏನೋ. ಆದರೆ ಡ್ರೈ ಐಸ್ ಈಗ ಪುಸ್ತಕದ ವಸ್ತುವಾಗಿ ಉಳಿದಿಲ್ಲ. ಕರಗಿ ನೀರಾಗದೆ ನೇರವಾಗಿ ಗ್ಯಾಸ್ ಆಗುವುದರಿಂದ ಪಾರ್ಸೆಲ್ ಒದ್ದೆಯಾಗುವುದಿಲ್ಲ, ಹಾಗಾಗಿ ಮನೆ ಬಾಗಿಲಿಗೇ ಬರುತ್ತಿದೆ. ಕೋವಿಡ್ ಲಸಿಕೆಗಳಲ್ಲಿ ಕೆಲವನ್ನು ಸಾಗಿಸಿದ್ದು ಇದರಲ್ಲೇ. ಕಾರ್ಖಾನೆಯ ಯಂತ್ರಗಳಿಗೆ ಅಂಟಿದ ಜಿಡ್ಡನ್ನು ಇದರ ಕಾಳುಗಳನ್ನು ರಭಸದಿಂದ ಹೊಡೆದು ಕೀಳುತ್ತಾರೆ. ವಿಮಾನದಲ್ಲಿ ಒಬ್ಬ ಪ್ರಯಾಣಿಕ ಕಂಪನಿಯ ಒಪ್ಪಿಗೆ ಪಡೆದು 2.5 ಕೆಜಿ ತನಕ ಒಯ್ಯಬಹುದು. ಅಲ್ಲೂ ಗ್ಯಾಸ್ ಹೊರಗೆ ಹೋಗಲು ದಾರಿ ಇರುವ ಪೆಟ್ಟಿಗೆಯೇ ಆಗಬೇಕು. ಮತ್ತೆ ಅದೇ ಮುಚ್ಚಳದ ಮಾತು, ನೋಡಿ.

ನಾವು ತೋರಿಸದಿದ್ದರೆ ಮಕ್ಕಳು ನೋಡುವುದಿಲ್ಲ ಅಂತೇನಿಲ್ಲ. ನೋಡುತ್ತಾರೆ, ಆದರೆ ಕೈಗವಸು ಇರುವುದಿಲ್ಲ, ಪಕ್ಕದಲ್ಲಿ ಮೇಡಂ ಇರುವುದಿಲ್ಲ. ಹಟಕ್ಕೆ ಹೇಳುತ್ತಿಲ್ಲ. ನಿಮ್ಮ ಮಗು ಪ್ರಯೋಗದ ದಿನ ಲೈಬ್ರರಿಯಲ್ಲಿ ಕೂರಲಿ ಎಂದರೆ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ, ಯಾರೂ ಪ್ರಶ್ನೆ ಕೇಳುವುದಿಲ್ಲ. ಆದರೆ ಉಳಿದವರಿಗೆ ಪ್ರಯೋಗ ನಡೆಯುತ್ತದೆ.

ಹುಡುಗನನ್ನು ಸಸ್ಪೆಂಡ್ ಮಾಡಿ ಎಂದು ಇಬ್ಬರು ಹೇಳಿದ್ದಾರೆ. ಮಾಡುವುದಿಲ್ಲ. ನನ್ನ ಮುಂದೆ ಕೂತು, 12 ಗ್ರಾಮಿಗೆ ಎಷ್ಟು ಲೀಟರ್ ಎಂಬ ಲೆಕ್ಕವನ್ನು ಅವನೇ ಮಾಡಿದ. ಉತ್ತರ ನೋಡಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಿಮ್ಮಲ್ಲಿ ಕೇಳುವುದು ಒಂದೇ: ಮನೆಗೆ ಬಂದ ಡ್ರೈ ಐಸ್ ಶಾಲೆಗೆ ಬರಬಾರದು. ಅದನ್ನು ಸಿಂಕಿಗೆ ಹಾಕದೆ, ಡಬ್ಬಿಯಲ್ಲಿ ಮುಚ್ಚದೆ, ಮಕ್ಕಳ ಕೈಗೆ ಸಿಗದ ಹಾಗೆ ಬಯಲಿನಲ್ಲಿ ಬಿಟ್ಟರೆ ತಾನಾಗಿ ಹೋಗುತ್ತದೆ.

ಮುಂದಿನ ಶನಿವಾರ ಬೆಳಗ್ಗೆ ಒಂಬತ್ತನೇ ತರಗತಿಗೆ ಇದೇ ಪ್ರಯೋಗ ಇದೆ. ಬಿಡುವಿದ್ದವರು ಬಂದು ಹಿಂದಿನ ಬೆಂಚಿನಲ್ಲಿ ಕೂರಬಹುದು. ಸ್ಟೀಲ್ ಬಾಟಲಿ ನನ್ನ ಮೇಜಿನ ಮೇಲಿದೆ, ಮುಚ್ಚಳ ನಿನ್ನೆ ಕಪಾಟಿನ ಹಿಂದೆ ಸಿಕ್ಕಿತು. ಹುಡುಗನ ಮನೆಯವರು ಬಂದಾಗ ತೆಗೆದುಕೊಂಡು ಹೋಗಬಹುದು.

ಇಂತಿ,
ಮುಖ್ಯ ಶಿಕ್ಷಕಿ