ಭಾನುವಾರದ ಪೇಂಟಿಂಗ್ ಬಗ್ಗೆ

ಎಲ್ರಿಗೂ ನಮಸ್ಕಾರ, ಈ ಭಾನುವಾರ ಯಾರೂ ಮೊಬೈಲ್ ಫೋಟೋ ನೋಡ್ಕೊಂಡು ಬಿಡಿಸೋ ಹಾಗಿಲ್ಲ, ಚಿಕ್ಕವರಿದ್ದಾಗ ಓಡಾಡಿದ ಒಂದು ಜಾಗನ ನೆನಪಿಂದಾನೇ ಬಿಡಿಸ್ಬೇಕು. ಈ ಐಡಿಯಾ ಬಂದಿದ್ದು ಕಿಫಿನ್ ವಿಲಿಯಮ್ಸ್ ಅನ್ನೋ ಚಿತ್ರಕಾರರ ಚಿತ್ರ ನೋಡಿ. 1918ರಲ್ಲಿ ವೇಲ್ಸ್‌ನ ಆಂಗಲ್ಸಿ ದ್ವೀಪದಲ್ಲಿ ಹುಟ್ಟಿದವರು, ಮೂರ್ಛೆರೋಗ ಇದೆ ಅಂತ ಸೈನ್ಯದಿಂದ ಹೊರಗೆ ಬಂದ್ರು, ಆಮೇಲೆ ಡಾಕ್ಟರೇ ಚಿತ್ರ ಬಿಡಿಸೋಕೆ ಹೇಳಿದ್ರಂತೆ (ನಮ್ ಡಾಕ್ಟರು ವಾಕಿಂಗ್ ಬಿಟ್ರೆ ಬೇರೇನೂ ಹೇಳಲ್ಲ ಬಿಡಿ). 1944ರಿಂದ 73ರವರೆಗೆ ಲಂಡನ್‌ನಲ್ಲಿ ಸ್ಕೂಲ್ ಮೇಷ್ಟ್ರು, ಆದ್ರೆ ಕ್ಯಾನ್ವಾಸ್ ಮೇಲೆ ಬರ್ತಿದ್ದದ್ದು ಮಾತ್ರ ಊರಿನ ಬೆಟ್ಟ, ಕಲ್ಲುಗೋಡೆ, ಗಾಳಿಗೆ ಬಗ್ಗಿರೋ ಕುರಿ ಕಾಯೋನು ಅವನ ನಾಯಿ.

ಅವರ ಚಿತ್ರನ ಝೂಮ್ ಮಾಡಿ ನೋಡಿ, ಬ್ರಷ್ ಗೆರೆನೇ ಕಾಣಲ್ಲ, ಪ್ಯಾಲೆಟ್ ನೈಫಲ್ಲಿ (ಬಣ್ಣ ಮೆತ್ತೋ ಚಪ್ಪಟೆ ಚಾಕು) ಆಯಿಲ್ ಬಣ್ಣ ದಪ್ಪಗೆ ಬೆಣ್ಣೆ ಮೆತ್ತಿದ ಹಾಗೆ ಎಳೆದಿದಾರೆ, ಬೂದಿ, ಕಪ್ಪು, ಮಾಸಿದ ಹಸಿರು ಅಷ್ಟೇ, ಆದ್ರೂ ಮಳೆ ಬರೋ ಮುಂಚಿನ ಬೆಳಕು ಹಾಗೇ ಇದೆ. ನನಗಂತೂ ಅವರ ಪೋರ್ಟ್ರೇಟ್‌ಗಿಂತ ಈ ಬೆಟ್ಟದ ಚಿತ್ರಗಳೇ ಇಷ್ಟ.

ಪ್ಯಾಲೆಟ್ ನೈಫ್ ಇಲ್ದಿದ್ರೆ ಹಳೇ ಎಟಿಎಂ ಕಾರ್ಡ್ ತನ್ನಿ, ನಡೆಯುತ್ತೆ. ಟೈಮ್ ಅದೇ, ಬೆಳಗ್ಗೆ 10ಕ್ಕೆ. ಬರೋರು ಇಲ್ಲೇ ಒಂದು ಮೆಸೇಜ್ ಹಾಕ್ಬಿಡಿ, ಟೀ ಹೇಳ್ಬೇಕು.