ಪಲ್ಲವಿ ಕೊಟ್ಟು ಸುಮ್ಮನಿರು

ಮುಳಬಾಗಿಲು

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಈ ಸಲ ಧನುರ್ಮಾಸಕ್ಕೆ ನಿಮ್ಮ ಬೀದಿಯ ರಾಮಮಂದಿರದಲ್ಲಿ ಭಜನೆ ಹೇಳಿಕೊಡುವವಳು ನೀನೇ ಅಂತೆ. ಹೆದರಿ ನಾಲ್ಕು ದಿನದಿಂದ ಬರೀ ಬಿಸಿನೀರು ಕುಡಿಯುತ್ತಿದ್ದೀಯ ಅಂತ ನಿಮ್ಮಮ್ಮ ಫೋನಿನಲ್ಲಿ ನಕ್ಕಳು. ಗಂಟಲಿನ ಚಿಂತೆ ಬಿಡು. ಅಲ್ಲಿಗೆ ಯಾರೂ ನಿನ್ನ ಕಚೇರಿ ಕೇಳಲು ಬರುವುದಿಲ್ಲ, ತಾವು ಹಾಡಲು ಬರುತ್ತಾರೆ.

ನಾನು ಮೊದಲ ಸಲ ಅದನ್ನೇ ಮರೆತಿದ್ದೆ. ಮದುವೆಯಾದ ಹೊಸದು. ಸಂಗೀತ ಕಲಿತ ಸೊಸೆ ಅನ್ನುವ ಜಂಬ ಬೇರೆ. ಬೆಳಗಿನ ಐದು ಗಂಟೆಯ ಚಳಿಯಲ್ಲಿ ಶ್ರುತಿ ಏರಿಸಿ ಹಿಡಿಸಿದೆ, ಪಲ್ಲವಿಯ ಸಾಲನ್ನೇ ಮೂರು ಬಗೆಯಲ್ಲಿ ತಿರುವಿ ಸಂಗತಿ ಹಾಕಿದೆ. ಎರಡನೇ ಚರಣಕ್ಕೆ ತಿರುಗಿ ನೋಡಿದರೆ ಹಾಡುತ್ತಿದ್ದವಳು ನಾನೊಬ್ಬಳೇ. ತಾಳದವರು ತಾಳವನ್ನು ತೊಡೆಯ ಮೇಲಿಟ್ಟು ಕೂತಿದ್ದರು. ಕಂಬಕ್ಕೆ ಒರಗಿ ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರು ನಾನು ಮುಗಿಸುವವರೆಗೂ ಕಾದರು. ಆಮೇಲೆ ಅದೇ ಪಲ್ಲವಿಯನ್ನು ತಗ್ಗಿಸಿ, ಮಾತಾಡುವ ದನಿಯಲ್ಲೇ ಎತ್ತಿಕೊಂಡರು. ಎರಡೆರಡು ಕನಕಾಂಬರ ಇಟ್ಟು, ದಾರ ಸುತ್ತಿ, ಗಂಟು ಎಳೆಯುವುದು ಸರಿಯಾಗಿ ತಾಳದ ಏಟಿಗೆ ಬೀಳುತ್ತಿತ್ತು. ಒಂದು ಸಾಲು ಅವರದು, ಮುಂದಿನದು ಇಡೀ ಮಂದಿರದ್ದು. ಅವತ್ತು ಪ್ರಸಾದದ ಹುಗ್ಗಿ ಗಂಟಲಲ್ಲಿ ಇಳಿಯಲಿಲ್ಲ ನೋಡು.

ಹಾಗಾಗಿ ಶ್ರುತಿ ನಿನಗೆ ಹಿತವಾದುದಕ್ಕಿಂತ ಒಂದು ಸ್ವರದಷ್ಟು ಕೆಳಗೇ ಇರಲಿ. ನಿದ್ದೆಯಿಂದ ಎದ್ದು ಬಂದ ಗಂಟಲುಗಳು, ಪಾಪ. ಮೈಕ್ ಬೇಡ. ಯಾರಾದರೂ ಅಪಸ್ವರ ಹಾಡಿದರೆ ಆ ಕಡೆ ನೋಡಲೂ ಬೇಡ. ತಾಳ ಮಾತ್ರ ಮಕ್ಕಳ ಕೈಗೆ ಕೊಡಬೇಡ, ಮೂರನೇ ಹಾಡಿಗೆ ರೈಲಿನ ಹಾಗೆ ಓಡಿಸುತ್ತಾರೆ.

ಇಲ್ಲಿ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನದ ಮುಂದೆ ಕೂತಾಗಲೆಲ್ಲ ನನಗೆ ಒಂದು ಯೋಚನೆ. 15ನೇ ಶತಮಾನದ ಅಷ್ಟು ದೊಡ್ಡ ಸಂಸ್ಕೃತ ಪಂಡಿತರು, ವ್ಯಾಸರಾಯರಿಗೇ ಪಾಠ ಹೇಳಿದವರು, ‘ರಂಗವಿಠಲ’ ಅಂಕಿತ ಇಟ್ಟು ಕನ್ನಡದಲ್ಲಿ ಹಾಡು ಕಟ್ಟಿದ್ದು ಯಾಕೆ? ಎಲ್ಲರ ಬಾಯಿಗೆ ಬರಲಿ ಅಂತ ತಾನೇ? ಓದು ಬಾರದವರಿಗೂ ಪಲ್ಲವಿಯೊಂದು ಬಂದರೆ ಸಾಕು, ಚರಣ ನೀನು ನೋಡಿಕೋ. ಇನ್ನು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಸಂತಕವಿ ಕೈವಾರ ತಾತಯ್ಯನವರು ಎರಡೂ ಭಾಷೆಯಲ್ಲಿ ಹಾಡಿದವರು. ದಿನಕ್ಕೊಂದಾದರೂ ಅವರ ತೆಲುಗು ಪದ ತೆಗೆದುಕೋ. ಅದರಲ್ಲಿ ‘ಅಮರನಾರೇಯಣ’ ಅಂತ ಕೈವಾರದ ದೇವರ ಹೆಸರು ಬಂದರೆ ಸಾಕು, ಗೋಡೆಗೆ ಒರಗಿದ ತಾತಂದಿರು ಮುಂದೆ ಜರುಗುತ್ತಾರೆ.

ನೀನು ಸಾಲು ಕೊಟ್ಟು ಸುಮ್ನಾದ ಮೇಲೆ ಒಂದು ಉಸಿರಿನಷ್ಟು ಹೊತ್ತು ಏನೂ ಇರುವುದಿಲ್ಲ. ಎದೆ ಡವಡವ ಅನ್ನುತ್ತದೆ. ಎತ್ತಿಕೊಳ್ಳುತ್ತಾರೋ ಇಲ್ಲವೋ. ಆಮೇಲೆ ಒಮ್ಮೆಗೇ ಬರುತ್ತದೆ, ದಪ್ಪ ದನಿ, ಕೀರಲು ದನಿ, ಅರ್ಧ ಸಾಲು ತಡವಾಗಿ ಸೇರಿಕೊಂಡವರದು, ಎಲ್ಲ ಕಲೆತು. ಈ ವಯಸ್ಸಿನಲ್ಲೂ ನನ್ನ ತೋಳಿನ ರೋಮ ಎದ್ದು ನಿಲ್ಲುತ್ತದೆ ಪುಟ್ಟಿ. ಕಚೇರಿಯ ಚಪ್ಪಾಳೆಯಲ್ಲಿ ಅದು ನನಗೆ ಸಿಕ್ಕಿಲ್ಲ.

ಸಂಕ್ರಾಂತಿಗೆ ಮುಂಚೆ ಒಂದು ದಿನ ಬರುತ್ತೇನೆ. ಕಂಬದ ಹತ್ತಿರ ಜಾಗ ಇಟ್ಟಿರು. ಹುಗ್ಗಿಗೆ ಮೆಣಸು ಸ್ವಲ್ಪ ಜಾಸ್ತಿ ಹಾಕಲು ಹೇಳು.

ನಿನ್ನ ದೊಡ್ಡಮ್ಮ