ಮಗಳಿಗೊಂದು ಪತ್ರ: ಕೇಳಿ ಬರೆಯುವ ಕೆಲಸದ ಕುರಿತು

ಉಡುಪಿ

ಪ್ರೀತಿಯ ಮಗಳೇ,

ಮಗುವನ್ನು ನೋಡಿಕೊಳ್ಳುತ್ತಾ ಮನೆಯಲ್ಲೇ ಟ್ರಾನ್ಸ್‌ಕ್ರಿಪ್ಷನ್, ಅಂದರೆ ಧ್ವನಿಮುದ್ರಿಕೆ ಕೇಳಿ ಬರೆಯುವ ಕೆಲಸ ಮಾಡುವ ಆಸೆಯಿದೆ, ಆದರೆ ಅನುಭವವಿಲ್ಲ ಎಂದು ನೀನು ಫೋನಿನಲ್ಲಿ ಹೇಳಿದ್ದಕ್ಕೆ ಸಾವಧಾನವಾಗಿ ಉತ್ತರಿಸಬೇಕೆನಿಸಿತು. ಈ ಕೆಲಸಕ್ಕೆ ಅನುಭವಕ್ಕಿಂತ ಮುಖ್ಯವಾದದ್ದು ಪರೀಕ್ಷೆ. ಗೋಟ್ರಾನ್ಸ್‌ಕ್ರಿಪ್ಟ್‌ನಂಥ ಕಂಪನಿಗಳು ಧ್ವನಿಯ ಸಣ್ಣ ತುಣುಕನ್ನು ಕೊಟ್ಟು, ತಮ್ಮ ನಿಯಮಾವಳಿಯಂತೆ ಬರೆಸಿ ನೋಡಿಯೇ ಸೇರಿಸಿಕೊಳ್ಳುತ್ತವೆ. ಆದ್ದರಿಂದ ಮೊದಲು ಆ ನಿಯಮಾವಳಿಯನ್ನು ಪೂರ್ತಿ ಓದು.

ಅದರಲ್ಲಿ ಎರಡು ಕ್ರಮಗಳಿರುತ್ತವೆ. ‘ನಾವು, ನಾವು ಮತ್ತೆ ಉಂಟಲ್ಲಾ, ಬೇಸಾಯ ಬಿಟ್ಟದ್ದೇ ಆಳು ಸಿಕ್ಕದೆ’ ಎಂದು ಒಬ್ಬರು ಹೇಳಿದರೆ, ಮೊದಲ ಕ್ರಮದಲ್ಲಿ ತಡವರಿಕೆಯನ್ನೂ ಬಿಡದೆ ಬರೆಯಬೇಕು. ಎರಡನೆಯದರಲ್ಲಿ ‘ನಾವು ಬೇಸಾಯ ಬಿಟ್ಟದ್ದೇ ಆಳು ಸಿಕ್ಕದೆ’ ಎಂದಷ್ಟೇ ಉಳಿಸಬೇಕು. ‘ಬಿಟ್ಟದ್ದೇ’ ಎಂಬುದನ್ನು ‘ಬಿಟ್ಟೆವು’ ಎಂದು ತಿದ್ದುವ ಅಧಿಕಾರ ಎರಡರಲ್ಲೂ ನಿನಗಿಲ್ಲ. ಕೇಳಿಸದ ಮಾತನ್ನು ಊಹಿಸಿ ಬರೆಯಲೂಬಾರದು. ‘ಅಸ್ಪಷ್ಟ’ ಎಂದು ಸಮಯಸಹಿತ ಗುರುತಿಸಬೇಕು. ಶೀಘ್ರಲಿಪಿಯಲ್ಲೇ ಉದ್ಯೋಗ ಕಳೆದ ನನಗೆ ಇದು ಬಹಳ ದೊಡ್ಡ ಪ್ರಾಮಾಣಿಕತೆಯೆಂದು ತೋರುತ್ತದೆ.

ಸಂಬಳದ ಲೆಕ್ಕದಲ್ಲಿ ಎಚ್ಚರವಿರಲಿ. ಹಣ ಕೊಡುವುದು ಸಾಮಾನ್ಯವಾಗಿ ಧ್ವನಿಯ ನಿಮಿಷಗಳಿಗೆ, ನೀನು ಕುಳಿತ ಗಂಟೆಗಳಿಗಲ್ಲ. ಒಂದು ಗಂಟೆಯ ಧ್ವನಿಗೆ ನುರಿತವರಿಗೇ ಸುಮಾರು 4 ಗಂಟೆ ಬೇಕು; ಹೊಸಬರಿಗೆ 6ರಿಂದ 8 ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಒಳ್ಳೆಯ ಹೆಡ್‌ಫೋನ್ ಒಂದನ್ನು ಕೊಂಡುಕೋ. ಕೇಳಿ ಬರೆಯಲೆಂದೇ ಇರುವ ಓಟ್ರಾನ್ಸ್‌ಕ್ರೈಬ್ ಎಂಬ ಜಾಲತಾಣ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಕೀಬೋರ್ಡಿನಿಂದ ಕೈ ತೆಗೆಯದೆಯೇ ಧ್ವನಿಯನ್ನು ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು. ಕನ್ನಡ ಬರೆಯಲು ‘ನುಡಿ’ ತಂತ್ರಾಂಶದ ಕೀಲಿಮಣೆ ಸಾಕು. ಅದರ ವಿನ್ಯಾಸ ರೂಪಿಸಿದ ಕೆ.ಪಿ. ರಾವ್ ನಮ್ಮ ಮಂಗಳೂರು ಸಮೀಪದ ಕಿನ್ನಿಕಂಬಳದವರೇ ಎಂಬುದು ನನಗೆ ಸದಾ ಹೆಮ್ಮೆ.

ಈಗ ಯಂತ್ರ ಬರೆದ ಕರಡನ್ನು ಮನುಷ್ಯರಿಂದ ತಿದ್ದಿಸುವ ಕೆಲಸವೂ ಹೆಚ್ಚುತ್ತಿದೆ. ಆದರೆ ಕುಂದಾಪುರದ ಮಾತು, ತುಳು ಬೆರೆತ ಕನ್ನಡ, ಒಟ್ಟಿಗೇ ಮಾತನಾಡುವ ನಾಲ್ಕು ಜನ, ಇವುಗಳ ಮುಂದೆ ಯಂತ್ರ ಸುಲಭವಾಗಿ ಎಡವುತ್ತದೆ. ಹುಟ್ಟಿನಿಂದ ಈ ಮಾತುಗಳ ನಡುವೆ ಬೆಳೆದ ನಿನ್ನ ಕಿವಿಯೇ ನಿನ್ನ ಅರ್ಹತೆ. ಜಾನಪದ, ಯಕ್ಷಗಾನಗಳ ಮೇಲೆ ಸಂಶೋಧನೆ ಮಾಡುವವರ ಬಳಿ ಸಂದರ್ಶನಗಳ ಧ್ವನಿಮುದ್ರಿಕೆಗಳಿರುತ್ತವೆ. ಅಂಥವರನ್ನು ಸಂಕೋಚಪಡದೆ ಕೇಳಿ ನೋಡು.

ನೋಂದಣಿ ಶುಲ್ಕ, ಠೇವಣಿ ಎಂದು ಯಾರಾದರೂ ಮುಂಗಡ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡ. ತಪ್ಪು ಬರೆದಿದ್ದೀಯೆಂದು ವಕೀಲರ ನೋಟಿಸಿನ ಹೆಸರಿನಲ್ಲಿ ಹೆದರಿಸಿ ಹಣ ಕೀಳುವವರೂ ಇದ್ದಾರೆ. ಹಾಗಾದರೆ ಹೆದರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡು.

ಈ ವಾರ ಯಕ್ಷಗಾನ ಕಲಾವಿದರೊಬ್ಬರ ಸಂದರ್ಶನದ 10 ನಿಮಿಷಗಳನ್ನು ಬರೆದು, ಎಷ್ಟು ಹೊತ್ತು ಹಿಡಿಯಿತೆಂಬುದನ್ನೂ ನಮೂದಿಸಿ ಕಳುಹಿಸು. ಧ್ವನಿ ಕೇಳುತ್ತಾ ನಾನೇ ತಿದ್ದಿ ಕೊಡುತ್ತೇನೆ.

ನಿನ್ನ ಅಮ್ಮ